ಆಲ್ಪ್ಸ್‌ನಲ್ಲಿ ಶ್ಯಾಲೆ ಹುಡುಕುವಾಗ ಫೋಟೊ ಆಮೇಲೆ, ನಕ್ಷೆ ಮೊದಲು

ಪ್ರಶ್ನೆ: ನಾವು ದಾವಣಗೆರೆಯವರು. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇವೆ, ಪಾಸ್‌ಪೋರ್ಟ್ ಭಾರತದ್ದೇ. ಬರುವ ಫೆಬ್ರುವರಿಯಲ್ಲಿ ಇಲ್ಲಿನ ಶಾಲೆಗಳ ನಡು ಅವಧಿಯ ‘ಹಾಫ್ ಟರ್ಮ್’ ರಜೆಗೆ ನಮ್ಮದು, ತಮ್ಮನದು ಎರಡೂ ಸಂಸಾರ ಸೇರಿ ಒಂದು ವಾರ ಫ್ರಾನ್ಸಿನ ಆಲ್ಪ್ಸ್‌ಗೆ ಸ್ಕೀಯಿಂಗ್‌ಗೆ ಹೋಗಬೇಕೆಂದಿದ್ದೇವೆ. ದೊಡ್ಡವರು ನಾಲ್ವರು, ಮಕ್ಕಳು ಮೂವರು (12, 8 ಮತ್ತು 4 ವರ್ಷ). ಊರಿನಿಂದ ಅಪ್ಪ ಅಮ್ಮನೂ ಬರುತ್ತಾರೆ. ಅಪ್ಪನಿಗೆ 70, ಬಿಪಿ ಇದೆ. ಅಮ್ಮನಿಗೆ ಮಂಡಿನೋವು. ತಮ್ಮ ಒಂದು ಸಲ ಸ್ಕೀ ಮಾಡಿದ್ದಾನೆ, ಉಳಿದವರೆಲ್ಲ ಹೊಸಬರು. ಎಲ್ಲರೂ ಸಸ್ಯಾಹಾರಿಗಳು. ಅಪ್ಪ ಅಮ್ಮ ಮೊಟ್ಟೆಯನ್ನೂ ತಿನ್ನುವುದಿಲ್ಲ. ಮೂರು ಮನೆ ನೋಡಿಟ್ಟಿದ್ದೇವೆ. ಒಂದು, ವಾಲ್ ತೊರಾನ್ಸ್‌ನಲ್ಲಿ ‘ಸ್ಕೀ-ಇನ್ ಸ್ಕೀ-ಔಟ್’ ಅಪಾರ್ಟ್‌ಮೆಂಟ್, 10 ಜನಕ್ಕೆ. ಎರಡು, ಮೆರಿಬೆಲ್‌ನಲ್ಲಿ ಊಟ ಸಮೇತ ಕೊಡುವ 5 ಕೋಣೆಯ ಶ್ಯಾಲೆ, ಅಂದರೆ ಬೆಟ್ಟದ ಮೇಲಿನ ಮರದ ಮನೆ. ಹಾಟ್ ಟಬ್ ಇದೆ, ‘ಇಳಿಜಾರಿಗೆ 5 ನಿಮಿಷ’ ಎಂದಿದ್ದಾರೆ. ಮೂರು, ಮೋರ್ಜಿನ್‌ನಲ್ಲಿ ನಾವೇ ಅಡುಗೆ ಮಾಡಿಕೊಳ್ಳುವ ದೊಡ್ಡ ಶ್ಯಾಲೆ. ಇದೇ ಎಲ್ಲಕ್ಕಿಂತ ಅಗ್ಗ. ಎತ್ತರ ಹೆಚ್ಚಿದ್ದಷ್ಟೂ ಒಳ್ಳೆಯದು ಅಂತ ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ. ಅಪ್ಪನಿಗೆ ತೊಂದರೆ ಆಗುತ್ತಾ? ಯಾವುದನ್ನು ಹಿಡಿಯೋಣ?

ಉತ್ತರ: ನೀವು ಕೇಳಿದ್ದು ಯಾವ ಮನೆ ಎಂದು. ನನಗೆ ಮೊದಲು ಕಂಡಿದ್ದು ನಿಮ್ಮ ನಾಲ್ಕು ವರ್ಷದ ಮಗು ಮತ್ತು ಅಮ್ಮನ ಮಂಡಿ. ಆಲ್ಪ್ಸ್‌ನಲ್ಲಿ ಮನೆಗಳನ್ನು ಪರಿಶೀಲಿಸಿ ಬಾಡಿಗೆಗೆ ಕೊಡಿಸುವುದೇ ನನ್ನ ಕೆಲಸ. ವಾರದ ಕೊನೆಗೆ ಬರುವ ದೂರುಗಳಲ್ಲಿ ಮನೆ ಚೆನ್ನಾಗಿರಲಿಲ್ಲ ಎನ್ನುವವು ಕಡಿಮೆ. ಮನೆ ತಪ್ಪು ಜಾಗದಲ್ಲಿತ್ತು ಎನ್ನುವವೇ ಜಾಸ್ತಿ. ಹಾಗಾಗಿ ನಿಮ್ಮ ಗುಂಪಿನಲ್ಲಿ ಎಲ್ಲರಿಗಿಂತ ಕಷ್ಟಪಟ್ಟು ನಡೆಯುವವರು ಯಾರು ಎಂದು ನೋಡಿ, ಅವರ ದಿನದ ಓಡಾಟಕ್ಕೆ ತಕ್ಕ ಮನೆ ಹಿಡಿಯಿರಿ. ಚೆನ್ನಾಗಿ ಸ್ಕೀ ಮಾಡುವವರು ಎಲ್ಲಿಂದ ಬೇಕಾದರೂ ಹೊರಟು ಹೋಗುತ್ತಾರೆ.

ಬೆಳಿಗ್ಗೆಯ ಲೆಕ್ಕ ಹಾಕೋಣ. ಮಕ್ಕಳ ಸ್ಕೀ ಸ್ಕೂಲ್ ಸಾಮಾನ್ಯವಾಗಿ ಒಂಬತ್ತು, ಒಂಬತ್ತೂವರೆಗೆ ಶುರು. ಎಂಟೂವರೆಗೆಲ್ಲ ಮೂರು ಮಕ್ಕಳಿಗೆ ಥರ್ಮಲ್, ಜಾಕೆಟ್, ಹೆಲ್ಮೆಟ್, ಗ್ಲೌಸ್ ಹಾಕಿ ಹೊರಗೆ ತಂದಿರಬೇಕು. ಚಿಕ್ಕದು ಅಷ್ಟರಲ್ಲಿ ಸೂಸೂ ಎನ್ನುತ್ತದೆ, ಎಲ್ಲ ಬಿಚ್ಚಬೇಕು. ಮತ್ತೆ ಹಾಕಿ ಹೊರಟರೆ ಅದರ ಸ್ಕೀ, ನಿಮ್ಮ ಸ್ಕೀ, ಕೋಲುಗಳು ಎಲ್ಲ ನಿಮ್ಮ ಹೆಗಲ ಮೇಲೆ. ಸ್ಕೀ ಬೂಟು ಹಾಕಿ ನಡೆಯುವುದೆಂದರೆ ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮೆಟ್ಟಿಲು ಹತ್ತಿದ ಹಾಗೆ. ಪಾದ ಮಡಚುವುದಿಲ್ಲ, ಕೆಳಗೆ ಮಂಜುಗಡ್ಡೆ. ಜಾಹೀರಾತಿನ 400 ಮೀಟರ್ ಈ ಅವತಾರದಲ್ಲಿ ಇಪ್ಪತ್ತು ನಿಮಿಷ ಹಿಡಿಯುತ್ತದೆ. ಆರು ದಿನ ಇದೇ ಕಥೆ.

ಅದಕ್ಕೇ ‘ಇಳಿಜಾರಿಗೆ 5 ನಿಮಿಷ’ ಎಂಬ ಮಾತನ್ನು ಹಾಗೇ ನಂಬಬೇಡಿ. ಅದು ಯಾರ ಐದು ನಿಮಿಷ? ಮಾಲೀಕ ಮಾಮೂಲಿ ಬೂಟಿನಲ್ಲಿ, ಕೈಬೀಸಿಕೊಂಡು, ಕೆಳಮುಖವಾಗಿ ನಡೆದ ಐದು ನಿಮಿಷ. ಸಂಜೆ ವಾಪಸ್ ಬರುವಾಗ ಅದೇ ದಾರಿ ಏರು. ಎಷ್ಟೋ ಕಡೆ ದೂರವನ್ನು ನಕ್ಷೆಯ ಮೇಲೆ ನೇರ ಗೆರೆ ಎಳೆದು ಅಳೆದಿರುತ್ತಾರೆ. ಮಧ್ಯೆ ತಿರುವುಗಳ ರಸ್ತೆ ಇದೆಯೋ, ಎಂಬತ್ತು ಮೆಟ್ಟಿಲಿದೆಯೋ ಹೇಳುವುದಿಲ್ಲ.

‘ಸ್ಕೀ-ಇನ್ ಸ್ಕೀ-ಔಟ್’ ಎಂದರೆ ಬಾಗಿಲಲ್ಲೇ ಸ್ಕೀ ಹಾಕಿಕೊಂಡು ಹೊರಡಬಹುದು, ಸಂಜೆ ಜಾರಿಕೊಂಡೇ ಬಾಗಿಲಿಗೆ ಬರಬಹುದು ಎಂದು ಅರ್ಥ. ಫ್ರಾನ್ಸಿನಲ್ಲಿ ಇದಕ್ಕೆ ‘ಸ್ಕಿ ಓ ಪಿಯೆ’ ಎನ್ನುತ್ತಾರೆ. ಕೇಳಲು ಚೆನ್ನಾಗಿದೆ. ಆದರೆ ಆ ಇಳಿಜಾರು ಯಾವ ಬಣ್ಣದ್ದು? ಫ್ರಾನ್ಸಿನಲ್ಲಿ ಹಸಿರು ಎಲ್ಲಕ್ಕಿಂತ ಸುಲಭ, ಆಮೇಲೆ ನೀಲಿ, ಕೆಂಪು, ಕಪ್ಪು. ನಿಮ್ಮ ಮನೆಗೆ ತಲುಪಿಸುವುದು ಕೆಂಪು ಇಳಿಜಾರಾದರೆ ಹೊಸಬರಿಗೆ ಅದು ಇಲ್ಲದಿದ್ದಂತೆ. ಸ್ಕೀ ಬಿಚ್ಚಿ ಹೊತ್ತುಕೊಂಡು ನಡೆಯುವುದೇ ಸೈ. ಹೊಸಬರಿಗೆ ನಿಜವಾಗಿ ಬೇಕಾದದ್ದು ಮೂರು ಜಾಗ ಹತ್ತಿರವಿರುವುದು: ಮಕ್ಕಳ ಸ್ಕೀ ಸ್ಕೂಲ್ ಸೇರುವ ಜಾಗ, ಕಲಿಯುವವರ ಸಣ್ಣ ಇಳಿಜಾರು, ಸ್ಕೀ ಬಾಡಿಗೆಗೆ ಕೊಡುವ ಅಂಗಡಿ. ಬೆಟ್ಟದ ಮೇಲಕ್ಕೆ ಒಯ್ಯುವ ದೊಡ್ಡ ಗೊಂಡೋಲ (ಕೇಬಲ್ ಕಾರು) ಸ್ವಲ್ಪ ದೂರವಿದ್ದರೂ ನಡೆಯುತ್ತದೆ. ಅಂಗಡಿಯವರ ಲಾಕರ್ ಇಳಿಜಾರಿನ ಬುಡದಲ್ಲಿದ್ದರಂತೂ ಅರ್ಧ ಕಷ್ಟ ಕಳೆಯಿತು. ಬೂಟು, ಸ್ಕೀ ಎಲ್ಲ ಅಲ್ಲೇ ಬಿಟ್ಟು ಮಾಮೂಲಿ ಶೂನಲ್ಲಿ ಮನೆಗೆ ಬರಬಹುದು. ಮನೆಯ ಬಾಡಿಗೆಯಲ್ಲಿ ಉಳಿದ ದುಡ್ಡಿನ ಒಂದು ಚೂರನ್ನು ಲಾಕರ್‌ಗೆ ಕೊಡಿ.

‘10 ಜನಕ್ಕೆ’ ಎಂದರೆ

ಫ್ರೆಂಚ್ ಜಾಹೀರಾತುಗಳಲ್ಲಿ ಕೋಣೆ ಎಣಿಸುವ ರೀತಿ ನಮ್ಮ ಬಿಎಚ್‌ಕೆ ಲೆಕ್ಕದಂತಲ್ಲ. ‘3 ಪಿಯೆಸ್’ ಎಂದಿದ್ದರೆ ಹಾಲ್ ಕೂಡ ಸೇರಿ ಮೂರು, ಅಂದರೆ ಮಲಗುವ ಕೋಣೆ ಎರಡೇ. ಜೊತೆಗೆ ‘ಕ್ವಾನ್ ಮೊಂತಾನ್’ ಅಥವಾ ‘ಕ್ಯಾಬಿನ್’ ಎಂದು ಬರೆದಿದ್ದರೆ, ಅದು ಬಾಗಿಲ ಪಕ್ಕದ ಗೂಡಿನಲ್ಲಿ ಒಂದರ ಮೇಲೊಂದು ಇಟ್ಟ ಮಂಚ. ಎಷ್ಟೋ ಸಲ ಕಿಟಕಿಯೂ ಇರುವುದಿಲ್ಲ. ಹಾಲ್‌ನ ಸೋಫಾ ಬಿಚ್ಚಿದರೆ ಇನ್ನಿಬ್ಬರು. ಹೀಗೆ ಕೂಡಿಸಿ ಕೂಡಿಸಿ 10 ಆಗುತ್ತದೆ. 60ರ, 70ರ ದಶಕದಲ್ಲಿ ಫ್ರಾನ್ಸ್ ಬರಡು ಬೆಟ್ಟದ ಮೇಲೆ ಹೊಸ ಸ್ಕೀ ಊರುಗಳನ್ನೇ ಕಟ್ಟಿತು. ಕಡಿಮೆ ಜಾಗದಲ್ಲಿ ಹೆಚ್ಚು ಜನರನ್ನು ಮಲಗಿಸುವುದು ಆಗಿನ ಉದ್ದೇಶ. ಆ ಕಟ್ಟಡಗಳು ಇನ್ನೂ ಬಾಡಿಗೆಗೆ ಹೋಗುತ್ತಿವೆ. ಮೋಸ ಏನಿಲ್ಲ, ಪ್ಲಾನ್ ತರಿಸಿ ನೋಡಿ ಅಷ್ಟೇ. ನಿಮ್ಮ ವಾಲ್ ತೊರಾನ್ಸ್ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆಗಳು ಎಷ್ಟು, ಸ್ನಾನದ ಮನೆಗಳು ಎಷ್ಟು ಎಂದು ಕೇಳಿ. ಒಂಬತ್ತು ಜನಕ್ಕೆ ಎರಡೇ ಟಾಯ್ಲೆಟ್ ಇದ್ದರೆ ಮೇಲೆ ಹೇಳಿದ ಎಂಟೂವರೆಯ ಲೆಕ್ಕ ಏಳೂವರೆಗೇ ಶುರುವಾಗುತ್ತದೆ. ಮೇಲಿನ ಮಂಚದಲ್ಲಿ ಆರು ವರ್ಷದೊಳಗಿನ ಮಕ್ಕಳನ್ನು ಮಲಗಿಸಬಾರದು ಎಂಬ ಎಚ್ಚರಿಕೆ ಫ್ರಾನ್ಸಿನಲ್ಲಿ ಆ ಮಂಚಗಳ ಮೇಲೇ ಇರುತ್ತದೆ. ಚಿಕ್ಕದಕ್ಕೆ ಕೆಳಗೇ ಜಾಗ ಬೇಕು.

ನಕ್ಷತ್ರಗಳ ಬಗ್ಗೆ ಒಂದು ಮಾತು. ಬಾಡಿಗೆ ಮನೆಗಳಿಗೆ ಅಲ್ಲಿ 1ರಿಂದ 5 ನಕ್ಷತ್ರ ಕೊಡುತ್ತಾರೆ. ಅದು ಮನೆಯ ಅಳತೆ, ಸಲಕರಣೆ, ಸೌಲಭ್ಯ ನೋಡಿ ಕೊಡುವುದು. ಬಾಗಿಲಿಂದ ಸ್ಕೀ ಸ್ಕೂಲಿಗೆ ಎಷ್ಟು ದೂರ ಎಂಬುದು ಅದರಿಂದ ತಿಳಿಯುವುದಿಲ್ಲ.

ಶ್ಯಾಲೆ ಎಂದ ಕೂಡಲೇ ಮರದ ಒಂಟಿ ಮನೆ, ಮಾಡಿನ ಮೇಲೆ ಹಿಮ ಎಂಬ ಚಿತ್ರ ಬರುತ್ತದೆ. ಈಗ ಆ ಹೆಸರು ಎಲ್ಲದಕ್ಕೂ ಅಂಟಿದೆ. ಮರದ ಮುಖವಿರುವ ದೊಡ್ಡ ಕಟ್ಟಡದ ಮೂರನೇ ಮಹಡಿಯ ಫ್ಲಾಟ್ ಕೂಡ ಶ್ಯಾಲೆ, ಮೂವತ್ತು ಕೋಣೆಯ ಶ್ಯಾಲೆ-ಹೋಟೆಲ್ ಕೂಡ ಶ್ಯಾಲೆ. ನಿಜವಾದ ಒಂಟಿ ಶ್ಯಾಲೆಗೆ ಅದರದೇ ಒಂದು ತೊಡಕಿದೆ. ಅದನ್ನು ಇಳಿಜಾರಿಗೆ ಆನಿಸಿ ಕಟ್ಟಿರುತ್ತಾರೆ. ಹಾಗಾಗಿ ಮೂರು ನಾಲ್ಕು ಅಂತಸ್ತು, ಕಿರಿದಾದ ಮರದ ಮೆಟ್ಟಿಲು. ಬೂಟು ಬಿಡುವ ಕೋಣೆ ಕೆಳಗೆ, ಮಲಗುವುದು ಮಧ್ಯದಲ್ಲಿ, ಅಡುಗೆಮನೆ ಮತ್ತು ಹಾಲ್ ನೋಟ ಚೆನ್ನಾಗಿರಲಿ ಎಂದು ಮೇಲೆ. ರಸ್ತೆಯಿಂದ ಬಾಗಿಲಿಗೆ ಬರಲು ಹೊರಗೆ ಇನ್ನೊಂದಿಷ್ಟು ಮೆಟ್ಟಿಲು, ಅವುಗಳ ಮೇಲೆ ರಾತ್ರಿ ಹೆಪ್ಪುಗಟ್ಟಿದ ಮಂಜು. ನಿಮ್ಮ ತಾಯಿ ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯಬೇಕಾಗುತ್ತದೆ ಯೋಚಿಸಿ. ಮೆರಿಬೆಲ್ ಮತ್ತು ಮೋರ್ಜಿನ್ ಎರಡೂ ಮನೆಯವರಿಗೆ ಇದೇ ಪ್ರಶ್ನೆ ಬರೆಯಿರಿ: ಊಟದ ಮೇಜು ಇರುವ ಮಹಡಿಯಲ್ಲೇ ಒಂದು ಮಲಗುವ ಕೋಣೆ, ಸ್ನಾನದ ಮನೆ ಇದೆಯೇ? ಇಲ್ಲ ಎಂದರೆ ಆ ಮನೆ ನಿಮ್ಮದಲ್ಲ, ಹಾಟ್ ಟಬ್ ಎಷ್ಟೇ ಚೆನ್ನಾಗಿರಲಿ. ಅಂದಹಾಗೆ ಬಿಸಿನೀರಿನ ತೊಟ್ಟಿಯಲ್ಲಿ ಕೂತು ಕೊರೆಯುವ ಚಳಿಗೆ ಎದ್ದು ಬರುವುದು ಬಿಪಿ ಇರುವವರಿಗೆ ಒಳ್ಳೆಯದಲ್ಲ. ನಾಲ್ಕು ವರ್ಷದವರಿಗೂ ಅಷ್ಟು ಬಿಸಿ ಬೇಡ. ಹಾಗಾಗಿ ಆ ತೊಟ್ಟಿಗೆ ನೀವು ಕೊಡುವ ದುಡ್ಡು ನಾಲ್ಕೈದು ಜನರ ಖುಷಿಗೆ ಮಾತ್ರ.

ಎತ್ತರ ಹೆಚ್ಚಿದ್ದಷ್ಟೂ ಒಳ್ಳೆಯದಾ?

ನಿಮ್ಮ ಆಫೀಸಿನವರು ಹೇಳಿದ್ದು ಹಿಮದ ವಿಷಯದಲ್ಲಿ ಸರಿ. ವಾಲ್ ತೊರಾನ್ಸ್ ಇರುವುದು 2300 ಮೀಟರ್ ಎತ್ತರದಲ್ಲಿ. ಯುರೋಪಿನ ಸ್ಕೀ ಊರುಗಳಲ್ಲಿ ಅದೇ ಎಲ್ಲಕ್ಕಿಂತ ಮೇಲಿನದು. ಮೆರಿಬೆಲ್‌ನ ನಡುಭಾಗ ಸುಮಾರು 1450, ಮೋರ್ಜಿನ್ ಸುಮಾರು 1000. ಕೆಳಗಿನ ಊರುಗಳಲ್ಲಿ ಬಿಸಿಲು ಜೋರಾದರೆ ಹಿಮ ಕರಗುತ್ತದೆ, ಮಳೆಯೂ ಬರಬಹುದು. 2022ರ ಡಿಸೆಂಬರ್ ಕೊನೆಗೆ, 2023ರ ಹೊಸ ವರ್ಷಕ್ಕೆ ಆಲ್ಪ್ಸ್‌ನಲ್ಲಿ ವಿಪರೀತ ಸೆಕೆ ಬಂದು ಕೆಳಗಿನ ಎಷ್ಟೋ ಇಳಿಜಾರುಗಳನ್ನು ರಜೆಯ ಹೊತ್ತಿನಲ್ಲೇ ಮುಚ್ಚಿದ್ದರು. ಫೆಬ್ರುವರಿ ನಡುವಿಗೆ ಅಷ್ಟು ಭಯವಿಲ್ಲ, ಆದರೆ ಭರವಸೆ ಕೊಡಲು ಯಾರಿಗೂ ಆಗುವುದಿಲ್ಲ. ಮೋರ್ಜಿನ್‌ನಲ್ಲಿ ಹಿಮ ಸಾಲದಿದ್ದರೆ ಗೊಂಡೋಲದಲ್ಲಿ 1800 ಮೀಟರಿನ ಅವೊರಿಯಾಕ್ಕೆ ಹೋಗಬಹುದು ಎಂಬುದೊಂದು ಸಮಾಧಾನ. ಎಲ್ಲರೂ ಅಲ್ಲಿಗೇ ಬರುತ್ತಾರೆ, ಅದು ಬೇರೆ ಮಾತು.

ಎತ್ತರದ ಬೆಲೆ ಬೇರೆ ಕಡೆ ಕಟ್ಟಬೇಕಾಗುತ್ತದೆ. ವಾಲ್ ತೊರಾನ್ಸ್‌ನಲ್ಲಿ ಮರಗಳೇ ಇಲ್ಲ. ಮೋಡ ಕವಿದ ದಿನ ಆಕಾಶ ಯಾವುದು, ನೆಲ ಯಾವುದು ತಿಳಿಯದಷ್ಟು ಬಿಳಿ. ಮರಗಳಿದ್ದರೆ ಕಣ್ಣಿಗೆ ಆಧಾರ ಸಿಗುತ್ತದೆ, ಇಲ್ಲದಿದ್ದರೆ ಹೊಸಬರಿಗೆ ತಲೆ ಸುತ್ತುತ್ತದೆ. ಗಾಳಿ ಜೋರಾದರೆ ಮೇಲಿನ ಕೇಬಲ್ ಕಾರುಗಳು ನಿಲ್ಲುತ್ತವೆ. ಸ್ಕೀ ಮಾಡದ ಅಪ್ಪ ಅಮ್ಮನಿಗೆ ಅಂಥ ದಿನ ಕಿಟಕಿಯಾಚೆ ನೋಡಲೂ ಏನಿಲ್ಲ.

ಅಪ್ಪನ ಆರೋಗ್ಯದ ಬಗ್ಗೆ ಹೇಳುವುದಾದರೆ, 2300 ಮೀಟರ್ ಕೇಳಿ ಗಾಬರಿ ಬೇಡ. ಊಟಿ ಇರುವುದು ಸುಮಾರು 2240 ಮೀಟರ್ ಎತ್ತರದಲ್ಲಿ. ಅಲ್ಲಿ ರಾತ್ರಿ ಕಳೆದಿದ್ದರೆ ಹೆಚ್ಚುಕಮ್ಮಿ ಇದೇ ಎತ್ತರದಲ್ಲಿ ಮಲಗಿದ್ದಾರೆ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 1930, ಅದಕ್ಕಿಂತ ಇದು ಮೇಲೆ. ಎತ್ತರದ ಕಾಯಿಲೆ ಜೋರಾಗುವುದು ಸಾಮಾನ್ಯವಾಗಿ 2500 ಮೀಟರ್ ದಾಟಿ ಮಲಗಿದಾಗ. ಆದರೆ 2000 ದಾಟಿದರೆ ಕೆಲವರಿಗೆ ಮೊದಲೆರಡು ರಾತ್ರಿ ತಲೆನೋವು, ನಿದ್ದೆ ಇಲ್ಲದಿರುವುದು, ಹಸಿವಾಗದಿರುವುದು ಇದ್ದದ್ದೇ. ಚಳಿ, ಎತ್ತರ ಎರಡೂ ಸೇರಿದರೆ ಬಿಪಿ ಸ್ವಲ್ಪ ಏರಬಹುದು. ಊಟಿಗೆ ಹೋದಾಗ ಇಲ್ಲದ ಸೊನ್ನೆ ಡಿಗ್ರಿಗಿಂತ ಕೆಳಗಿನ ಗಾಳಿ ಇಲ್ಲಿದೆ. ಜಿನೀವಾ ವಿಮಾನ ನಿಲ್ದಾಣ ಇರುವುದು ಸುಮಾರು 430 ಮೀಟರ್ ಎತ್ತರದಲ್ಲಿ, ಅಲ್ಲಿಂದ ಮೂರು ಗಂಟೆಯಲ್ಲಿ 2300ಕ್ಕೆ ಏರುತ್ತೀರಿ. ಅವರ ವೈದ್ಯರನ್ನೇ ಒಮ್ಮೆ ಕೇಳಿ, ಮಾತ್ರೆಯ ಪ್ರಮಾಣದ ಬಗ್ಗೆಯೂ ಕೇಳಿ. ನನ್ನ ಮಟ್ಟಿಗೆ, ನಿಮ್ಮ ಗುಂಪಿಗೆ 1100ರಿಂದ 1800ರ ನಡುವೆ ಮಲಗುವುದು ಹಿತ. ಸ್ಕೀ ಮಾಡಲು ಮೇಲೆ ಹೋಗಿ, ಮಲಗಲು ಕೆಳಗೆ ಬನ್ನಿ.

ಇನ್ನೊಂದು ತಪ್ಪು ತಿಳಿವಳಿಕೆ, ಸ್ಕೀ ಪ್ರದೇಶ ದೊಡ್ಡದಿರಬೇಕು ಎಂಬುದು. ವಾಲ್ ತೊರಾನ್ಸ್ ಮತ್ತು ಮೆರಿಬೆಲ್ ಎರಡೂ ‘ಮೂರು ಕಣಿವೆ’ ಎಂಬ ಪ್ರದೇಶಕ್ಕೆ ಸೇರಿವೆ. ಅಲ್ಲಿ ಒಟ್ಟು 600 ಕಿಲೋಮೀಟರ್ ಇಳಿಜಾರುಗಳಿವೆ. ಅಷ್ಟಕ್ಕೂ ಗೊಂಡೋಲ, ಲಿಫ್ಟ್ ಹತ್ತಲು ಬೇಕಾದ ಆರು ದಿನದ ಪಾಸ್ ತೆಗೆದುಕೊಂಡರೆ ದೊಡ್ಡವರಿಗೆ ತಲಾ 350 ಯೂರೊ ದಾಟುತ್ತದೆ. ಮೊದಲ ವಾರ ನೀವು ಓಡಾಡುವುದು ಅದರಲ್ಲಿ ಎರಡು ಮೂರು ಕಿಲೋಮೀಟರ್. ಒಂದೇ ಕಣಿವೆಯ ಪಾಸ್, ಹೊಸಬರ ಪಾಸ್ ಎಂದೆಲ್ಲ ಅಗ್ಗದವು ಇರುತ್ತವೆ. ಮೊದಲೆರಡು ದಿನ ಕಲಿಯುವ ಇಳಿಜಾರಿನಲ್ಲಿ ಅದೂ ಬೇಕಾಗದಿರಬಹುದು. ಸ್ಕೀ ಸ್ಕೂಲಿನವರನ್ನು ಕೇಳಿ ಆಮೇಲೆ ಕೊಳ್ಳಿ.

ಊಟ, ಅಡುಗೆ, ಮೊಟ್ಟೆ

ಊಟ ಸಮೇತ ಶ್ಯಾಲೆ ಬ್ರಿಟಿಷರು ಬೆಳೆಸಿದ ಪದ್ಧತಿ. ಮೆರಿಬೆಲ್ ಊರನ್ನೇ ಶುರು ಮಾಡಿದ್ದು ಪೀಟರ್ ಲಿಂಡ್ಸೆ ಎಂಬ ಸ್ಕಾಟ್ಲೆಂಡಿನವ, 1938ರಲ್ಲಿ. ಹಾಗಾಗಿ ಅಲ್ಲಿ ಇಂಥ ಮನೆಗಳು ಜಾಸ್ತಿ. ಬೆಳಿಗ್ಗೆ ತಿಂಡಿ, ಸಂಜೆ ಚಹಾ ಜೊತೆ ಕೇಕ್, ರಾತ್ರಿ ಮೂರು ಬಗೆಯ ಊಟ ಕೊಡುತ್ತಾರೆ. ಮಧ್ಯಾಹ್ನದ್ದು ನಿಮ್ಮದೇ ಖರ್ಚು. ವಾರದಲ್ಲಿ ಒಂದು ರಾತ್ರಿ, ಹೆಚ್ಚಾಗಿ ಬುಧವಾರವೋ ಗುರುವಾರವೋ, ಸಿಬ್ಬಂದಿಗೆ ರಜೆ. ಆ ರಾತ್ರಿ ಒಂಬತ್ತು ಜನ ಹೊರಗೆ ಊಟಕ್ಕೆ ಹೋಗಬೇಕು. 2021ರ ಜನವರಿಯಿಂದ ಬ್ರೆಕ್ಸಿಟ್ ಕಾರಣ ಬ್ರಿಟಿಷ್ ಹುಡುಗ ಹುಡುಗಿಯರು ವೀಸಾ ಇಲ್ಲದೆ ಅಲ್ಲಿ ಕೆಲಸ ಮಾಡುವಂತಿಲ್ಲ. ಇಂಥ ಮನೆಗಳ ಸಂಖ್ಯೆ ಇಳಿದಿದೆ, ಬೆಲೆ ಏರಿದೆ.

ಅಡುಗೆ ಮಾಡುವವರು ಹೆಚ್ಚಾಗಿ ಇಪ್ಪತ್ತರ ಆಸುಪಾಸಿನವರು. ಒಳ್ಳೆಯ ಮಕ್ಕಳು, ಆದರೆ ಅವರಿಗೆ ಸಸ್ಯಾಹಾರ ಎಂದರೆ ಮಾಂಸ, ಮೀನು ಬಿಟ್ಟು ಉಳಿದದ್ದೆಲ್ಲ. ಮೊಟ್ಟೆ ಅದರಲ್ಲಿ ಬಂತು. ಸಂಜೆಯ ಕೇಕ್ ಕೂಡ. ಸೂಪಿಗೆ ಮಾಂಸ ಬೇಯಿಸಿದ ನೀರು (ಸ್ಟಾಕ್) ಹಾಕಿದ್ದರೂ ಮೇಲೆ ಕಾಣುವುದು ತರಕಾರಿಯೇ. ಸವೋಯ್ ಪ್ರಾಂತ್ಯದ ಹೆಸರುವಾಸಿ ಆಲೂಗಡ್ಡೆ ತಿನಿಸು ತಾರ್ತಿಫ್ಲೆತ್‌ನಲ್ಲಿ ಹಂದಿಮಾಂಸದ ಚೂರುಗಳಿರುತ್ತವೆ. ಕರಗಿಸಿದ ಚೀಸ್‌ನ ಫಾಂಡ್ಯೂನಲ್ಲಿ ವೈನ್ ಇರುತ್ತದೆ. ಅಲ್ಲಿನ ಬೋಫೋರ್, ರೆಬ್ಲೊಶೋನ್‌ನಂಥ ಚೀಸ್‌ಗಳಿಗೆ ಹಾಲನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ ಒಡೆಯುತ್ತಾರೆ. ಇದನ್ನೆಲ್ಲ ಪಾಲಿಸುವುದು ಬಿಡುವುದು ನಿಮಗೆ ಬಿಟ್ಟಿದ್ದು. ಪಾಲಿಸುವುದಾದರೆ ‘ಸಸ್ಯಾಹಾರಿ’ ಎಂದಷ್ಟೇ ಬರೆದು ಸುಮ್ನೆ ಕೂರಬೇಡಿ. ಏನು ತಿನ್ನುವುದಿಲ್ಲ ಎಂಬುದನ್ನು ಒಂದೊಂದಾಗಿ ಬರೆಯಿರಿ, ಬುಕ್ ಮಾಡುವ ಮೊದಲೇ. ವಾರದ ಮೆನು ಮೊದಲೇ ಗೊತ್ತಾಗಿರುತ್ತದೆ, ಸಾಮಾನೂ ಒಟ್ಟಿಗೆ ಬರುತ್ತದೆ. ಶನಿವಾರ ರಾತ್ರಿ ಬಂದಿಳಿದ ಮೇಲೆ ಹೇಳಿದರೆ ನಿಮ್ಮ ಅಪ್ಪನಿಗೆ ಆರು ದಿನವೂ ಪಾಸ್ತಾ.

ಹಾಗಾದರೆ ನಾವೇ ಅಡುಗೆ ಮಾಡಿಕೊಳ್ಳುವುದು ಸರಿಯಲ್ಲವಾ? ಸರಿ, ಆದರೆ ಸಂಜೆ ಐದಕ್ಕೆ ಸುಸ್ತಾಗಿ ಬಂದು ಒಂಬತ್ತು ಜನಕ್ಕೆ ಯಾರು ಮಾಡುತ್ತಾರೆ ಎಂದು ಮೊದಲೇ ಮಾತಾಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಆ ಕೆಲಸ ಮಾತೇ ಆಡದೆ ಅಮ್ಮನ ಪಾಲಿಗೆ ಬರುವುದನ್ನು ನೋಡಿದ್ದೇನೆ. ಊರಿಂದ ಬಂದದ್ದು ಆಲ್ಪ್ಸ್ ನೋಡಲು, ಪರದೇಶದ ಒಲೆಯ ಮುಂದೆ ನಿಲ್ಲಲು ಅಲ್ಲ.

ಒಲೆ ಹೆಚ್ಚಿನ ಕಡೆ ಇಂಡಕ್ಷನ್. ಅಲ್ಯೂಮಿನಿಯಂ ಕುಕ್ಕರ್ ಅದರ ಮೇಲೆ ಕೆಲಸ ಮಾಡುವುದಿಲ್ಲ, ಇಂಡಕ್ಷನ್ ತಳದ ಸ್ಟೀಲ್ ಕುಕ್ಕರ್ ಒಯ್ಯಿರಿ. ಬೇಕೇ ಬೇಕು, ಯಾಕೆಂದರೆ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಬೇಳೆ ಬೇಯುವುದಿಲ್ಲ. 2300 ಮೀಟರಿನಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ರಾತ್ರಿ ಊಟ ಹತ್ತಕ್ಕೆ. ಒಗ್ಗರಣೆ ಹಾಕುವಾಗ ಕಿಟಕಿ ತೆಗೆಯಿರಿ, ಹೊಗೆ ಅಲಾರಂ ಹತ್ತಿರವೇ ಇರುತ್ತದೆ. ಮರದ ಗೋಡೆ, ತೆರೆದ ಅಡುಗೆಮನೆ. ಒಣಮೆಣಸಿನಕಾಯಿ ಘಾಟು ಹಾಸಿಗೆಯವರೆಗೂ ಹೋಗುತ್ತದೆ. ಶುಚಿ ಮಾಡುವ ಖರ್ಚೆಂದು ಮುಂಗಡ ಹಿಡಿದುಕೊಂಡ ಮಾಲೀಕರೂ ಇದ್ದಾರೆ.

ಸಾಮಾನು ಒಯ್ಯುವಾಗ ಒಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. 2021ರಿಂದ ಬ್ರಿಟನ್‌ನಿಂದ ಐರೋಪ್ಯ ಒಕ್ಕೂಟಕ್ಕೆ ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಭಾರತದಿಂದಲೂ ಅಷ್ಟೇ. ತುಪ್ಪ, ಪನೀರ್, ಹಾಲಿನ ಸಿಹಿ ಎಲ್ಲ ಇದರಲ್ಲಿ ಬಂತು. ಹಸಿ ಕರಿಬೇವಿಗೂ ಪ್ರಮಾಣಪತ್ರ ಬೇಕು, ಬಿಟ್ಟುಬಿಡಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ ಒಯ್ಯಿರಿ. ಮೊಸರು, ಬೆಣ್ಣೆ ಅಲ್ಲಿ ಬೇಕಾದಷ್ಟು ಸಿಗುತ್ತದೆ, ತುಪ್ಪ ಕಾಯಿಸಿಕೊಳ್ಳಿ. ದಿನಸಿಯನ್ನು ಕಣಿವೆಯ ಊರಲ್ಲೇ ಕೊಳ್ಳಿ. ಮೆರಿಬೆಲ್‌ಗೆ ಹೋಗುವುದಾದರೆ ಆಲ್ಬರ್ವಿಲ್ ಅಥವಾ ಮೂತಿಯೆಯಲ್ಲಿ. ಮೇಲಿನ ಅಂಗಡಿಗಳಲ್ಲಿ ಅದೇ ಸಾಮಾನು ದುಬಾರಿ.

ಮೂರರಲ್ಲಿ ಯಾವುದು?

ಬಾಡಿಗೆಯಷ್ಟನ್ನೇ ಹೋಲಿಸಿದರೆ ಮೋರ್ಜಿನ್ ಗೆಲ್ಲುತ್ತದೆ. ಅದಕ್ಕೆ ಹಾಸಿಗೆ ಬಟ್ಟೆ, ಕೊನೆಯ ಶುಚಿತ್ವ, ಪ್ರವಾಸಿ ತೆರಿಗೆ, ದಿನಸಿ, ಓಡಾಟ ಕೂಡಿಸಿ ತಲಾ ಎಷ್ಟಾಯಿತು ನೋಡಿ. ಫ್ರಾನ್ಸಿನಲ್ಲಿ ಮೊದಲ ಎರಡು ಎಷ್ಟೋ ಸಲ ಬಾಡಿಗೆಯಲ್ಲಿ ಸೇರಿರುವುದಿಲ್ಲ. ಆಗಲೂ ಮೋರ್ಜಿನ್ ಅಗ್ಗವೇ ಆಗಬಹುದು. ಅದು ನಿಜವಾದ ಊರು. ಅಂಗಡಿ, ಬೇಕರಿ, ಹೊಳೆಯ ಪಕ್ಕ ನಡೆಯುವ ದಾರಿ ಇವೆ. ಜಿನೀವಾದಿಂದ ಒಂದೂವರೆ ಗಂಟೆಯೊಳಗೆ ತಲುಪಬಹುದು. ಅಪ್ಪ ಅಮ್ಮನಿಗೆ ಇದು ದೊಡ್ಡ ಅನುಕೂಲ. ತೊಂದರೆ ಏನೆಂದರೆ, ಅಗ್ಗದ ದೊಡ್ಡ ಮನೆಗಳು ಸಾಮಾನ್ಯವಾಗಿ ಊರಿನ ಅಂಚಿನಲ್ಲಿರುತ್ತವೆ. ‘ಬಾಗಿಲಲ್ಲೇ ಬಸ್ ಸ್ಟಾಪ್’ ಎಂದರೆ ಎಷ್ಟು ಹೊತ್ತಿಗೊಂದು ಬಸ್, ಕೊನೆಯದು ಎಷ್ಟಕ್ಕೆ ಎಂದು ಕೇಳಿ. ಫೆಬ್ರುವರಿ ರಜೆಯಲ್ಲಿ ಬೆಳಿಗ್ಗೆ ಬರುವ ಬಸ್ ತುಂಬಿಯೇ ಬರುತ್ತದೆ. ನಾಲ್ಕು ವರ್ಷದ ಮಗುವನ್ನು ಹಿಡಿದು ನಿಂತಿರುವವರನ್ನು ಬಿಟ್ಟು ಹೋದದ್ದೂ ಉಂಟು.

ಮೆರಿಬೆಲ್ ಚಂದ. ಊರೆಲ್ಲ ಮರ, ಕಲ್ಲು, ಇಳಿಜಾರು ಮಾಡಿನ ಮನೆಗಳೇ. ಆದರೆ ಊರು ಬೆಟ್ಟದ ಮೈಗೆ ಹರಡಿಕೊಂಡಿದೆ, ರಸ್ತೆ ಸುತ್ತಿ ಸುತ್ತಿ ಏರುತ್ತದೆ. ‘ಮೆರಿಬೆಲ್’ ಎಂಬ ವಿಳಾಸ ಗೊಂಡೋಲ ಹೊರಡುವ ಶೋದಾನ್ ಪಕ್ಕವೂ ಆಗಬಹುದು, ಅಲ್ಲಿಂದ ಬಹಳ ಕೆಳಗಿನ ಹಳ್ಳಿಯೂ ಆಗಬಹುದು. ಬೆಲೆ ಕಡಿಮೆ ಎನಿಸಿದರೆ ನಕ್ಷೆ ನೋಡಿ. ಅಪ್ಪ ಅಮ್ಮನಿಗೆ ಒಂದು ಲಾಭವಿದೆ. ಪಾದಚಾರಿಗಳ ಪಾಸ್ ತೆಗೆದುಕೊಂಡು ಗೊಂಡೋಲದಲ್ಲಿ ಮೇಲೆ ಹೋಗಿ ನಿಮ್ಮ ಜೊತೆ ಮಧ್ಯಾಹ್ನ ಊಟ ಮಾಡಿ ಇಳಿಯಬಹುದು.

ವಾಲ್ ತೊರಾನ್ಸ್ ಈ ಸಲ ಬೇಡ. ಮುಂದೆ ನೀವು ನಾಲ್ವರೇ, ಏಪ್ರಿಲ್‌ನ ಈಸ್ಟರ್ ರಜೆಯಲ್ಲಿ ಹೋಗುವುದಾದರೆ ಅದನ್ನೇ ಮೊದಲು ಹೇಳುತ್ತೇನೆ.

ನನ್ನನ್ನು ಕೇಳಿದರೆ ಮೂರನ್ನೂ ಬಿಟ್ಟು ಇನ್ನೊಂದು ದಾರಿ ನೋಡಿ. ಲಿಫ್ಟ್ ಇರುವ, ಒಳಗೆ ಈಜುಕೊಳ ಇರುವ ಹೊಸ ‘ರೆಸಿಡೆನ್ಸ್’ ಕಟ್ಟಡದಲ್ಲಿ ಅಕ್ಕಪಕ್ಕದ ಎರಡು ಅಪಾರ್ಟ್‌ಮೆಂಟ್. ಶ್ಯಾಲೆಯ ಸೊಗಸು ಸ್ವಲ್ಪ ಕಡಿಮೆ. ಆದರೆ ಮೆಟ್ಟಿಲಿಲ್ಲ, ಅಡುಗೆಮನೆ ಎರಡು, ಟಾಯ್ಲೆಟ್ ಬೇಕಾದಷ್ಟು. ತಮ್ಮನ ಸಂಸಾರಕ್ಕೂ ನಿಮಗೂ ನಡುವೆ ಒಂದು ಬಾಗಿಲು ಇರುತ್ತದೆ. ಅದೂ ವಾರದ ನಾಲ್ಕನೇ ದಿನ ಬೇಕಾಗುತ್ತದೆ ಅಲ್ವಾ? ಊರು ಎಂದರೆ ಲೇ ಜೆ. ಮೋರ್ಜಿನ್‌ನ ಪಕ್ಕದ್ದು, ಸುಮಾರು 1170 ಮೀಟರ್. ಚಿಕ್ಕ ಊರು, ಸಂಸಾರಗಳೇ ಜಾಸ್ತಿ ಬರುವುದು, ಇಳಿಜಾರಿನ ಬುಡ ಊರೊಳಗೇ ಇದೆ. ಇಲ್ಲದಿದ್ದರೆ ಲಾ ತಾನಿಯಾ. 1992ರ ಆಲ್ಬರ್ವಿಲ್ ಒಲಿಂಪಿಕ್ಸ್ ಹೊತ್ತಿಗೆ ಕಟ್ಟಿದ ಊರು, ಸುಮಾರು 1400 ಮೀಟರ್, ಕಾಡಿನ ನಡುವೆ, ಮೆರಿಬೆಲ್‌ನ ಗುಡ್ಡದಾಚೆ. ಮೊದಲನೆಯದರಲ್ಲಿ ಹಿಮದ ಭಯ ಸ್ವಲ್ಪ ಹೆಚ್ಚು. ಎರಡನೆಯದರಲ್ಲಿ ಸ್ಕೀ ಮಾಡದವರಿಗೆ ಎರಡು ದಿನದ ಮೇಲೆ ಬೇಸರ ಬರಬಹುದು. ನಿಮ್ಮ ಅಪ್ಪ ಅಮ್ಮನನ್ನು ನೋಡಿದರೆ ನಾನು ಲೇ ಜೆ ಕಡೆ ವಾಲುತ್ತೇನೆ.

ದುಡ್ಡು ಕಟ್ಟುವ ಮೊದಲು

ಎಲ್ಲಕ್ಕಿಂತ ಮುಂಚೆ ವೀಸಾ. ಭಾರತದ ಪಾಸ್‌ಪೋರ್ಟ್ ಇರುವ ನಿಮಗೂ ಷೆಂಗೆನ್ ವೀಸಾ, ಅಂದರೆ ಫ್ರಾನ್ಸ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಕೊಡುವ ವೀಸಾ ಬೇಕು. ಪ್ರಯಾಣಕ್ಕೆ ಆರು ತಿಂಗಳ ಮೊದಲಿಂದ ಅರ್ಜಿ ಹಾಕಬಹುದು. ಅಪ್ಪ ಅಮ್ಮನ ವಿಷಯದಲ್ಲಿ ತಪ್ಪುವವರು ಬಹಳ. ಬ್ರಿಟನ್‌ಗೆ ಪ್ರವಾಸಿ ವೀಸಾದಲ್ಲಿ ಬಂದವರು ಸಾಮಾನ್ಯವಾಗಿ ಲಂಡನ್‌ನಲ್ಲಿ ಷೆಂಗೆನ್‌ಗೆ ಅರ್ಜಿ ಹಾಕಲಾಗುವುದಿಲ್ಲ, ವಾಸವಿರುವ ದೇಶದಲ್ಲೇ ಹಾಕಬೇಕು. ಅವರು ಊರು ಬಿಡುವ ಮೊದಲೇ ಬೆಂಗಳೂರಿನಲ್ಲಿ ಕೆಲಸ ಮುಗಿಸಿಕೊಳ್ಳಲಿ. ಇಳಿಯುವುದು ಜಿನೀವಾದಲ್ಲಾದರೂ ತಂಗುವುದು ಫ್ರಾನ್ಸಿನಲ್ಲಾದ್ದರಿಂದ ಫ್ರಾನ್ಸಿನ ವೀಸಾವೇ ಬೇಕು. ಅರ್ಜಿಗೆ ತಂಗುವ ಜಾಗದ ದಾಖಲೆ ಕೇಳುತ್ತಾರೆ, ಮನೆಯವರು ಮುಂಗಡ ಕೇಳುತ್ತಾರೆ. ಆದ್ದರಿಂದ ವೀಸಾ ಸಿಗದಿದ್ದರೆ ದುಡ್ಡು ವಾಪಸ್ ಎಂಬ ಮಾತು ಕರಾರಿನಲ್ಲಿ ಇದೆಯೇ ನೋಡಿ. ಬಾಯಿಮಾತು ಸಾಲದು.

ವಿಮೆಯೂ ಹಾಗೆ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೊ ವಿಮೆ ಬೇಕು. ಅಗ್ಗದ ಪಾಲಿಸಿಗಳಲ್ಲಿ ಮೊದಲಿಂದ ಇರುವ ಬಿಪಿ ಬರುವುದಿಲ್ಲ, ಸ್ಕೀಯಿಂಗ್ ಬರುವುದಿಲ್ಲ. ಫ್ರಾನ್ಸಿನ ಇಳಿಜಾರಿನಲ್ಲಿ ಬಿದ್ದವರನ್ನು ಕೆಳಗೆ ತರುವುದಕ್ಕೂ ದುಡ್ಡು ತೆಗೆದುಕೊಳ್ಳುತ್ತಾರೆ. ಅದು ನಿಮ್ಮ ಪಾಲಿಸಿಯಲ್ಲಿ ಇದೆಯಾ ಓದಿ.

ಕಾರಿನಲ್ಲಿ ಹೋಗುವುದಾದರೆ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಫ್ರಾನ್ಸಿನ ಗುಡ್ಡಗಾಡು ಪ್ರದೇಶಗಳಲ್ಲಿ ಚಳಿಗಾಲದ ಟಯರು ಅಥವಾ ಹಿಮದಲ್ಲಿ ಟಯರಿಗೆ ಸುತ್ತುವ ಚೈನ್ ಕಡ್ಡಾಯ. ಶನಿವಾರ ಮನೆಗಳು ಬದಲಾಗುವ ದಿನ. ಫೆಬ್ರುವರಿಯ ಶನಿವಾರ ಮೂತಿಯೆ ಕಡೆಯ ರಸ್ತೆಯಲ್ಲಿ ಗಂಟೆಗಟ್ಟಲೆ ನಿಲ್ಲಬೇಕಾಗುತ್ತದೆ. ಭಾನುವಾರದಿಂದ ಭಾನುವಾರಕ್ಕೆ ಕೊಡುವ ಮನೆ ಸಿಕ್ಕರೆ ಬಿಡಬೇಡಿ.

ದುಡ್ಡನ್ನು ಕ್ರೆಡಿಟ್ ಕಾರ್ಡಿನಲ್ಲೇ ಕಟ್ಟಿ. ಬ್ರಿಟನ್‌ನಲ್ಲಿ 100 ಪೌಂಡಿನಿಂದ 30,000 ಪೌಂಡಿನವರೆಗಿನ ಖರೀದಿಗೆ ಕಾರ್ಡ್ ಕಂಪನಿಯೂ ಜವಾಬ್ದಾರಿ ಹೊರಬೇಕು ಎಂಬ ಕಾನೂನಿದೆ. ಬ್ಯಾಂಕ್ ಖಾತೆಗೆ ನೇರ ಹಾಕಿ, ರಿಯಾಯಿತಿ ಕೊಡುತ್ತೇನೆ ಎಂದವರಿಂದ ದೂರವಿರಿ. ಇಲ್ಲದ ಶ್ಯಾಲೆಯ ಫೋಟೊ ತೋರಿಸಿ ದುಡ್ಡು ಹೊಡೆಯುವವರು ಪ್ರತಿ ಚಳಿಗಾಲವೂ ಇರುತ್ತಾರೆ.

ಇನ್ನು, ಹಾಫ್ ಟರ್ಮ್ ವಾರ ಫ್ರಾನ್ಸಿನ ಮಕ್ಕಳ ರಜೆಗೂ ತಾಗುತ್ತದೆ. ಅಲ್ಲಿ ಶಾಲೆಗಳನ್ನು ಮೂರು ವಲಯ ಮಾಡಿ ಫೆಬ್ರುವರಿ ಆಸುಪಾಸಿನ ನಾಲ್ಕು ವಾರಗಳಲ್ಲಿ ಸರದಿ ಮೇಲೆ ರಜೆ ಕೊಡುತ್ತಾರೆ. ಹಾಗಾಗಿ ಮನೆಗಿಂತ ಮೊದಲು ಖಾಲಿಯಾಗುವುದು ಸಣ್ಣ ಮಕ್ಕಳ ಸ್ಕೀ ತರಗತಿ. ಮನೆಯನ್ನು ಎರಡು ದಿನ ತಡೆದಿಡಿ ಎಂದು ಕೇಳಿ, ಅಷ್ಟರಲ್ಲಿ ನಾಲ್ಕು ವರ್ಷದವರ ಗುಂಪಿನಲ್ಲಿ ಜಾಗವಿದೆಯೇ ವಿಚಾರಿಸಿ. ಇಂಗ್ಲಿಷ್ ಮಾತಾಡುವ ಶಿಕ್ಷಕರು ಬೇಕು ಎಂದೂ ಹೇಳಿ. ಜಾಗ ಇಲ್ಲವೆಂದರೆ ಊರು ಬದಲಿಸಿ.